ಸೋತ ಮೂರು ಉತ್ತರಗಳು

ವಿಜಯನಗರ ಮೆಟ್ರೊ ನಿಲ್ದಾಣದ ಮೆಟ್ಟಿಲಿಳಿದರೆ ಕೋಚಿಂಗ್ ಕೇಂದ್ರಗಳ ಫಲಕಗಳು ಎದುರಾಗುತ್ತವೆ. ಪರೀಕ್ಷೆ ಯಾವುದೇ ಇರಲಿ, ಇಂಥ ಕಡೆ ಹೆಚ್ಚು ಬಿಕರಿಯಾಗುವ ಸರಕು ಒಂದೇ: ಶಾರ್ಟ್‌ಕಟ್.

ಸಿಇಟಿಯಲ್ಲಿ ಗಣಿತಕ್ಕೆ 60 ಪ್ರಶ್ನೆ, 80 ನಿಮಿಷ. ಒಂದೊಂದಕ್ಕೆ ಎಂಬತ್ತು ಸೆಕೆಂಡು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಹೀಗಿರುವಾಗ ಹುಡುಗಿಯೊಬ್ಬಳು ಕೊಟ್ಟ ಆಯ್ಕೆಗಳನ್ನೇ ಒಂದೊಂದಾಗಿ ಹಾಕಿ ನೋಡಿ ಉತ್ತರ ಹಿಡಿದರೆ ಅವಳನ್ನು ದೂರಲಾರೆ. ‘ಇದೆಲ್ಲ ಅದೃಷ್ಟದಾಟ, ನಮ್ಮ ಕಾಲದಲ್ಲಿ ಪುಟಗಟ್ಟಲೆ ಬರೆಯುತ್ತಿದ್ದೆವು’ ಎನ್ನುವ ಹಿರಿಯರ ಮಾತನ್ನೂ ಒಪ್ಪಲಾರೆ. ಆಯ್ಕೆಗಳನ್ನು ಹೊಡೆದುಹಾಕುವುದೂ ತರ್ಕವೇ. ನನ್ನ ತಕರಾರು, ಆ ತರ್ಕ ಎಲ್ಲಿಯವರೆಗೆ ನಿಲ್ಲುತ್ತದೆ ಎಂದು ಹೇಳಿಕೊಡದವರ ಜೊತೆ.

ಒಂದು ಪ್ರಶ್ನೆ ನೋಡಿ. ಮೊದಲ ಎನ್ ಬೆಸ ಸಂಖ್ಯೆಗಳ ಮೊತ್ತವೆಷ್ಟು? ಆಯ್ಕೆಗಳು: ಎನ್, 2ಎನ್−1, ಎನ್(ಎನ್+1)/2, ಎನ್². ‘ಒಂದು ಹಾಕಿ ನೋಡು’ ಎನ್ನುತ್ತದೆ ಟ್ರಿಕ್. ಹಾಕಿದರೆ ನಾಲ್ಕೂ ಒಂದೇ ಆಗುತ್ತವೆ! ಎರಡು ಹಾಕಿ. ಮೊತ್ತ 1+3, ಅಂದರೆ 4. ಆಯ್ಕೆಗಳು ಕೊಡುವುದು 2, 3, 3, 4. ಮೂರು ಬಿದ್ದುಹೋದವು. ಅವು ತಪ್ಪೆಂಬುದು ಈಗ ಪಕ್ಕಾ, ಅಪೀಲಿಲ್ಲ. ಆದರೆ ನಾಲ್ಕನೆಯದು ಸರಿ ಎಂದು ಯಾರು ಹೇಳಿದರು? ಪ್ರಶ್ನೆಪತ್ರಿಕೆ ಹೇಳಿತು. ನಾಲ್ಕರಲ್ಲಿ ಒಂದು ಸರಿ ಇದ್ದೇ ಇರುತ್ತದೆಂಬ ನಂಬಿಕೆಯ ಮೇಲೆ ಅದು ಅವಿರೋಧವಾಗಿ ಆಯ್ಕೆಯಾಯಿತು, ಅಷ್ಟೆ.

ಕಾರಣ ಬೇಕಾದರೆ ಮನೆಯಂಗಳಕ್ಕೆ ಬನ್ನಿ. ರಂಗೋಲಿಯ ಒಂದು ಚುಕ್ಕಿ ಇಡಿ. ಬಲಕ್ಕೆ, ಕೆಳಕ್ಕೆ, ಮೂಲೆಗೆ ಒಂದೊಂದರಂತೆ ಮೂರು ಸೇರಿಸಿ. ಎರಡಕ್ಕೆರಡರ ಚೌಕ. ಅದೇ ಎರಡು ಬದಿಗೆ ಐದು ಸೇರಿಸಿ. ಮೂರಕ್ಕೆ ಮೂರು. ಪ್ರತಿ ಸಲ ಅಂಚಿಗೆ ಎರಡು ಚುಕ್ಕಿ ಹೆಚ್ಚು ಬೇಕು, ಚೌಕ ಕೆಡುವುದಿಲ್ಲ. ಇದನ್ನು ಕಂಡವಳಿಗೆ ಆಯ್ಕೆಗಳೇ ಬೇಡ.

ಈಗ ಕಂಪ್ಯೂಟರ್ ವಿಜ್ಞಾನದ ಪ್ರಶ್ನೆ. ‘ಎ ಅಥವಾ (ಎ ಮತ್ತು ಬಿ)’ ಯಾವುದಕ್ಕೆ ಸಮ? ಬೂಲಿಯನ್ ಬೀಜಗಣಿತದಲ್ಲಿ ಬೆಲೆಗಳು ಸೊನ್ನೆ, ಒಂದು ಎರಡೇ. ಎ, ಬಿಗಳಿಗೆ ಇರುವ ಜೋಡಿಗಳು ನಾಲ್ಕೇ. ನಾಲ್ಕನ್ನೂ ಹಾಕಿ ನೋಡಿ ‘ಎ’ ಎಂದರೆ ಅದು ಪೂರ್ಣ ಸಾಧನೆ. ‘ಹಾಕಿ ನೋಡು’ ಎಂಬ ಅದೇ ಉಪಾಯ ಒಂದು ಕಡೆ ಸಾಧನೆ, ಇನ್ನೊಂದು ಕಡೆ ಬರೀ ಜರಡಿ. ಈ ವ್ಯತ್ಯಾಸ ಹೇಳುವುದಕ್ಕೆ ಐದು ನಿಮಿಷ ಸಾಕು. ಆ ಐದು ನಿಮಿಷವನ್ನೂ ಉಳಿಸುವವರ ಮೇಲೆ ನನಗೆ ಸಿಟ್ಟು.

‘ಮೊದಲು ರ‍್ಯಾಂಕ್ ಬರಲಿ ಸಾರ್, ಕಾರಣ ಆಮೇಲೆ’ ಎನ್ನುತ್ತಾರೆ. ಆಮೇಲೆ ಯಾವಾಗ? ರ‍್ಯಾಂಕ್ ಹಿಡಿದು ಇದೇ ನೇರಳೆ ಮಾರ್ಗದಲ್ಲಿ ಕೆಂಗೇರಿ ಕಡೆಯ ಎಂಜಿನಿಯರಿಂಗ್ ಕಾಲೇಜಿಗೆ ಹೋದ ಹುಡುಗ ಬರೆದ ಪ್ರೋಗ್ರಾಂ ಕೈಕೊಟ್ಟಾಗ, ತಪ್ಪು ಎಲ್ಲಿದೆ ಎಂದು ಪರದೆ ನಾಲ್ಕು ಆಯ್ಕೆ ಕೊಡುವುದಿಲ್ಲ.

ಅಷ್ಟು ದೂರವೂ ಹೋಗಬೇಕಿಲ್ಲ. ಪರೀಕ್ಷಾ ಪ್ರಾಧಿಕಾರವೇ ತಾತ್ಕಾಲಿಕ ಕೀ ಉತ್ತರ ಪ್ರಕಟಿಸಿ ಆಕ್ಷೇಪಣೆ ಕರೆಯುತ್ತದೆ. 2024ರ ಸಿಇಟಿಯಲ್ಲಿ ಪಠ್ಯಕ್ರಮದ ಹೊರಗಿನ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಟ್ಟದ್ದೂ ವಿದ್ಯಾರ್ಥಿಗಳು, ಪೋಷಕರು ಎದ್ದುನಿಂತು ಕೇಳಿದ ಮೇಲೆಯೇ. ಪತ್ರಿಕೆ ತಯಾರಿಸುವವರೂ ಎಡವುತ್ತಾರೆ. ಕೀ ಉತ್ತರ ತಪ್ಪೆಂದು ಬರೆಯಲು ಕಾರಣ ಬೇಕು. ಟ್ರಿಕ್ ಅಲ್ಲಿ ಬಾಯಿ ಬಿಡುವುದಿಲ್ಲ.

ಆದ್ದರಿಂದ ನನ್ನ ಬೇಡಿಕೆ ಸಣ್ಣದು. 80 ನಿಮಿಷದ ಅಣಕು ಪರೀಕ್ಷೆಯ ಮರುದಿನ ಇನ್ನೊಂದು 80 ನಿಮಿಷ ಕೊಡಿ. ಅಂದು ಸರಿಯುತ್ತರ ಯಾವುದೆಂದು ಕೇಳಬೇಡಿ. ಉಳಿದ ಮೂರು ಯಾಕೆ ಸೋತವು, ಗೆದ್ದದ್ದು ತನ್ನ ಬಲದಿಂದ ಗೆದ್ದಿತೋ ಬೇರೆಯವು ಸೋತದ್ದರಿಂದ ಗೆದ್ದಿತೋ ಎಂದು ಕೇಳಿ. ಮೇಷ್ಟ್ರು ಕೇಳದಿದ್ದರೆ, ವಿದ್ಯಾರ್ಥಿಗಳೇ, ನೀವು ಕೇಳಿ. ಶುಲ್ಕ ಕಟ್ಟಿದವರು ನೀವು.