ಘಟ್ಟ ನಮ್ಮದಲ್ಲ ಅನ್ನಬೇಡಿ

ನಂಜನಗೂಡಿನ, ತಿರುಮಕೂಡಲು ನರಸೀಪುರದ ಬಂಧುಗಳೇ,

2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳ ಮೇಲೆ ಗುಡ್ಡ ಕುಸಿಯಿತು. ಇನ್ನೂರೈವತ್ತಕ್ಕೂ ಹೆಚ್ಚು ಜನ ಸತ್ತರು. ಕೂಲಿಗೆಂದು ಹೋಗಿ ಅಲ್ಲೇ ನೆಲೆಸಿದ್ದ ಚಾಮರಾಜನಗರ ಸೀಮೆಯ ನಮ್ಮವರೂ ಅವರಲ್ಲಿದ್ದರು. ಅದೇ ದಿನಗಳಲ್ಲಿ ಕಪಿಲೆ ಉಕ್ಕಿ ನಂಜನಗೂಡಿನ ಹದಿನಾರು ಕಾಲು ಮಂಟಪ ಮುಳುಗಿತು, ಮಲ್ಲನಮೂಲೆ ಮಠದ ಬಳಿ ಊಟಿ ರಸ್ತೆಗೆ ನೀರು ಹತ್ತಿತು. ಒಂದನ್ನು ಕೇರಳದ ದುರಂತ ಅಂದೆವು, ಇನ್ನೊಂದನ್ನು ನಮ್ಮೂರ ನೆರೆ ಅಂದೆವು. ಸುರಿದದ್ದು ಒಂದೇ ಬೆಟ್ಟಸಾಲಿನ ಮೇಲೆ, ಒಂದೇ ಮುಂಗಾರು. ನೆತ್ತಿಯ ಪಡುವಣಕ್ಕೆ ಬಿದ್ದ ನೀರು ಮನೆಗಳನ್ನು ಕೊಚ್ಚಿಕೊಂಡು ಚಾಲಿಯಾರ್ ಹೊಳೆಗೆ ಇಳಿಯಿತು. ಮೂಡಣಕ್ಕೆ ಬಿದ್ದದ್ದು ನಮ್ಮ ಸ್ನಾನಘಟ್ಟಕ್ಕೆ ಬಂತು.

ನಮಗೂ ಆ ಬೆಟ್ಟಕ್ಕೂ ಏನು ಸಂಬಂಧ ಎಂದು ಕೇಳುವವರು ಒಮ್ಮೆ ವಯನಾಡಿನ ಲಕ್ಕಿಡಿಗೆ ಹೋಗಿ ಬನ್ನಿ. ಗುಂಡ್ಲುಪೇಟೆ, ಬಂಡೀಪುರ ದಾಟಿದರೆ ನಮ್ಮ ಹೆದ್ದಾರಿಯೇ ಅಲ್ಲಿಗೆ ಕರೆದೊಯ್ಯುತ್ತದೆ. ಅಲ್ಲಿಂದ ಮುಂದಕ್ಕೆ ನೆಲವೇ ಇಲ್ಲ ಎಂಬಂತೆ ಘಟ್ಟ ಕೆಳಗಿಳಿಯುತ್ತದೆ. ಒಂಬತ್ತು ಹೇರ್‌ಪಿನ್ ತಿರುವು, ಹತ್ತು ಹನ್ನೆರಡು ಕಿಲೋಮೀಟರಿನಲ್ಲಿ ಆರುನೂರು ಮೀಟರಿಗೂ ಮೀರಿದ ಇಳುಕಲು. ಕೋಳಿಕ್ಕೋಡಿನ ಕಡಲು ಅಲ್ಲಿಂದ 60 ಕಿಲೋಮೀಟರಿನ ಒಳಗಿದೆ. ಆ ಅಂಚಿಗೆ ಅಂಟಿಕೊಂಡೇ ಪೂಕೋಡ್ ಕೆರೆ ಇದೆ, ಸುಮಾರು 770 ಮೀಟರ್ ಎತ್ತರದಲ್ಲಿ. ಅದರ ನೀರು ಹತ್ತಿರದ ಕಡಲಿಗೆ ಬೆನ್ನು ಹಾಕಿ ಪನಮರಂ ಹೊಳೆಯಾಗಿ, ಮಾನಂದವಾಡಿ ಹೊಳೆಯನ್ನು ಕೂಡಿಕೊಂಡು ಕಬಿನಿಯಾಗಿ, ಅಂದರೆ ನಮ್ಮ ಕಪಿಲೆಯಾಗಿ, ಎಚ್.ಡಿ. ಕೋಟೆ, ನಂಜನಗೂಡು ಹಾದು ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತದೆ. ತಿ. ನರಸೀಪುರದ ಎತ್ತರ ಸುಮಾರು 640 ಮೀಟರ್. ಇಷ್ಟು ದೂರ ಹರಿದು ಇಳಿದದ್ದು ನೂರಮೂವತ್ತು ಮೀಟರ್ ಮಾತ್ರ.

ಈ ವಿಚಿತ್ರವನ್ನು ಮಾಡಿದ್ದು ಭೂಮಿಯ ಒಳಗಿನ ಬಲ. ಸುಮಾರು 9 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ನಮ್ಮ ಪಡುವಣ ದಡಕ್ಕೆ ಅಂಟಿಕೊಂಡಿತ್ತು. ಅದು ಹರಿದು ದೂರ ಸರಿಯಿತು. ಹಾಗೆ ಹರಿದ ಹೊತ್ತಿನಲ್ಲಿ ಉಕ್ಕಿದ ಲಾವಾ ತಣ್ಣಗಾಗಿ ಕಂಬಕಂಬವಾಗಿ ನಿಂತಿರುವುದನ್ನು ಮಲ್ಪೆಯ ಎದುರಿನ ಸೇಂಟ್ ಮೇರಿಸ್ ದ್ವೀಪದಲ್ಲಿ ಈಗಲೂ ನೋಡಬಹುದು. ಮುಂದೆ ಸೆಶೆಲ್ಸ್ ಕೂಡ ಕಳಚಿಕೊಂಡಿತು. ಬಿರುಕಿನ ಪಡುವಣದ ನೆಲ ಕುಸಿದು ಕಡಲಿನಡಿ ಹೋಯಿತು, ಉಳಿದ ಅಂಚು ಮೇಲೆದ್ದಿತು. ಮೊರದ ಒಂದು ಬದಿಯನ್ನು ಎತ್ತಿ ಹಿಡಿದ ಹಾಗೆ ಇಡೀ ದಕ್ಷಿಣ ಪ್ರಸ್ಥಭೂಮಿ ಪೂರ್ವಕ್ಕೆ ವಾಲಿತು. ಅದಕ್ಕೇ ಕಾವೇರಿ, ಕಪಿಲೆ, ಹೇಮಾವತಿಗಳು ಬಂಗಾಳ ಕೊಲ್ಲಿಯ ಕಡೆಗೆ ಹೊರಟವು. ಅಂಚಿನ ಕತೆ ಅಲ್ಲಿಗೆ ಮುಗಿಯಲಿಲ್ಲ. ಮುಂಗಾರಿನ ಮಳೆ ಘಟ್ಟದ ಮುಖವನ್ನು ಕೊರೆಯುತ್ತಲೇ ಇದೆ, ಕಡಿದಾದ ಗೋಡೆ ಅಂಗುಲ ಅಂಗುಲವಾಗಿ ಪೂರ್ವಕ್ಕೆ ಹಿಂಜರಿಯುತ್ತಲೇ ಇದೆ. ಸವೆದು ಭಾರ ಕಡಿಮೆಯಾದಷ್ಟೂ ಅಡಿಯ ನೆಲ ನಿಧಾನವಾಗಿ ಮೇಲೇಳುತ್ತದೆ.

ಇತ್ತ ನಮ್ಮ ಕಾಲಡಿಯ ಕಲ್ಲು ಇದೆಲ್ಲಕ್ಕಿಂತ ಬಹಳ ಹಳೆಯದು. ನೆರೆಯ ಸರಗೂರಿನ ಹೆಸರನ್ನೇ ಹೊತ್ತ ಶಿಲಾಪಟ್ಟಿಗೆ ಮುನ್ನೂರು ಕೋಟಿ ವರ್ಷಕ್ಕೂ ಮಿಕ್ಕಿದ ವಯಸ್ಸು. ಜಗತ್ತಿನ ಭೂವಿಜ್ಞಾನಿಗಳು ಆ ಹೆಸರನ್ನು ಬಲ್ಲರು. ಅದರ ಮುಂದೆ ಎಂಬತ್ತು ಕೋಟಿ ವರ್ಷದ ಚಾಮುಂಡಿ ಬೆಟ್ಟದ ಗ್ರಾನೈಟು ಎಳೆಯದು. ಇಷ್ಟು ಹಳೆಯ ನೆಲ ಅಲುಗುವುದಿಲ್ಲ ಎಂದು ನಂಬಿದ್ದೆವು. ಭೂವಿಜ್ಞಾನಿ ಕೆ.ಎಸ್. ವಾಲ್ದಿಯಾ ಆ ನಂಬಿಕೆಯನ್ನು ಪ್ರಶ್ನಿಸಿದರು. ಮೈಸೂರು ಪ್ರಸ್ಥಭೂಮಿಯ ಹಳೆಯ ಸ್ತರಭಂಗಗಳು ಇತ್ತೀಚಿನ ಭೂಯುಗದಲ್ಲೂ ಮತ್ತೆ ಸರಿದಿವೆ, ಕಾವೇರಿ ಕೊಳ್ಳದ ಹೊಳೆಗಳಿಗೆ ಅಡ್ಡವಾಗಿ ನೆಲ ಎದ್ದು ಒಂದು ಕಾಲಕ್ಕೆ ಇಲ್ಲಿ ದೊಡ್ಡ ಸರೋವರಗಳೇ ನಿಂತಿದ್ದವು ಎಂದು ಅವರು ಜಿ. ರಾಜಗೋಪಾಲನ್ ಜೊತೆ 2000ದಲ್ಲಿ ಬರೆದರು. ಭಾರತದ ನೆಲಫಲಕ ಇಂದಿಗೂ ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಉತ್ತರಕ್ಕೆ ಒತ್ತುತ್ತಿದೆ. ಭೂಕಂಪದ ಭಯ ಹುಟ್ಟಿಸಲು ಇದನ್ನು ಹೇಳುತ್ತಿಲ್ಲ. ನಾವು ಬದುಕುತ್ತಿರುವುದು ಸತ್ತ ನೆಲದ ಮೇಲಲ್ಲ ಎಂದು ನೆನಪಿಸುತ್ತಿದ್ದೇನೆ.

ಈಗ ಸಂಗಮದ ದಡದಲ್ಲಿ ಕೂತು ಒಂದು ಹಿಡಿ ಮರಳು ಎತ್ತಿಕೊಳ್ಳಿ. ಬಿಸಿಲಿಗೆ ಹಿಡಿದರೆ ಗಾಜಿನಂತಹ ಕಾಳುಗಳು, ಅದು ಬೆಣಚುಕಲ್ಲು. ತುಸು ಗುಲಾಬಿ ಕಾಳುಗಳು ಬಂಡೆಯ ಫೆಲ್ಡ್‌ಸ್ಪಾರ್. ನಡುವೆ ಕರ್ರಗೆ ಹೊಳೆಯುವ ಕಣಗಳಿವೆ, ಅಯಸ್ಕಾಂತ ತಂದರೆ ಕೆಲವು ಅಂಟಿಕೊಳ್ಳುತ್ತವೆ. ಎಂದೋ ಬಂಡೆಯಾಗಿದ್ದದ್ದು ಮಳೆಯಲ್ಲಿ ಕೊಳೆತು, ಹೊಳೆಯಲ್ಲಿ ಉರುಳಿ ನಿಮ್ಮ ಅಂಗೈಗೆ ಬರಲು ಹಿಡಿದ ಕಾಲವನ್ನು ಯಾವ ಪಂಚಾಂಗವೂ ಲೆಕ್ಕ ಹಾಕದು.

ಇನ್ನೊಂದು ಸಂಗತಿಯನ್ನು ಗಟ್ಟಿಯಾಗಿ ಹೇಳಬೇಕು. ಆ ಮರಳು ಈಗ ಮೊದಲಿನಂತೆ ಬರುತ್ತಿಲ್ಲ. ಕಾವೇರಿಗೆ ಕನ್ನಂಬಾಡಿಯಲ್ಲಿ ಕಟ್ಟೆ ಕಟ್ಟಿ ತೊಂಬತ್ತು ವರ್ಷ ದಾಟಿತು, ಕಪಿಲೆಗೆ ಬೀಚನಹಳ್ಳಿಯ ಅಣೆಕಟ್ಟು 1974ರಲ್ಲಿ ಮುಗಿಯಿತು. ಘಟ್ಟದಿಂದ ಉರುಳಿ ಬರುವ ಮರಳಿನ ಬಹುಪಾಲು ಆ ಹಿನ್ನೀರುಗಳ ತಳದಲ್ಲೇ ಕೂರುತ್ತದೆ. ಕೆಳಗೆ ನಮ್ಮ ಹೊಳೆಯಲ್ಲಿ ಉಳಿದಿರುವುದು ಬಹುಮಟ್ಟಿಗೆ ಹಳೆಯ ದಾಸ್ತಾನು. ರಾತ್ರಿ ಟಿಪ್ಪರ್‌ಗೆ ತುಂಬಿಸಿ ಕಳಿಸಿದ್ದು ಮುಂದಿನ ಮಳೆಗಾಲಕ್ಕೆ ತುಂಬಿಕೊಳ್ಳುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಮರಳು ಹೋದ ಹೊಳೆಯಲ್ಲಿ ನೀರು ಇಂಗುವುದಿಲ್ಲ. ದಡದ ಬಾವಿ ಬತ್ತುತ್ತದೆ, ದಡ ಕುಸಿದು ತೋಟ ಹೊಳೆ ಪಾಲಾಗುತ್ತದೆ, ಸೇತುವೆಯ ಕಾಲಡಿಯ ನೆಲ ಕೊಚ್ಚಿಹೋಗುತ್ತದೆ. ನಂಜನಗೂಡಿನಲ್ಲಿ ದಳವಾಯಿ ಕಾಲದ ಕಲ್ಲಿನ ಸೇತುವೆ ಇನ್ನೂರೈವತ್ತಕ್ಕೂ ಹೆಚ್ಚು ವರ್ಷ ನಿಂತಿದೆ. ನರಸೀಪುರದ ಸಂಗಮದಲ್ಲಿ ಎಂ. ಶೇಷಾದ್ರಿಯವರು 1959ರಿಂದ ನಡೆಸಿದ ಉತ್ಖನನದಲ್ಲಿ ನವಶಿಲಾಯುಗದ ಜನರ ನೆಲೆಯೇ ಸಿಕ್ಕಿತು. ಸಾವಿರಾರು ವರ್ಷ ಜನ ಈ ದಡದಲ್ಲಿ ಬಾಳಿದರು. ಹೊಳೆಯ ತಳವನ್ನೇ ಬಗೆದು ಲಾರಿಗೆ ತುಂಬಿ ಮಾರಿದ್ದು ನಮ್ಮ ತಲೆಮಾರು. ಇದು ನಮಗೆ ನಾಚಿಕೆ ತರಬೇಕು.

ಮೇಲೆ ಘಟ್ಟದಲ್ಲಿ ಆಗುತ್ತಿರುವುದೂ ಇದೇ. ಅಲ್ಲಿ ಹಳೆಯ ಬಂಡೆಯ ಮೇಲೆ ಕೊಳೆತ ಕಲ್ಲು, ಮಣ್ಣಿನ ದಪ್ಪ ಹೊದಿಕೆ ಇದೆ. ಕಾಡಿನ ಬೇರು ಅದನ್ನು ಹಿಡಿದಿರುತ್ತದೆ, ಇಳಿಜಾರಿನ ಬುಡ ಅದನ್ನು ಹೊತ್ತಿರುತ್ತದೆ. ಬುಡವನ್ನು ಜೆಸಿಬಿಯಲ್ಲಿ ಕಡಿದು ರಸ್ತೆಯನ್ನೋ ರೆಸಾರ್ಟನ್ನೋ ಮಾಡಿ, ನೀರು ಹರಿಯುವ ತೊರೆಯನ್ನು ಮುಚ್ಚಿದರೆ, ದೊಡ್ಡ ಮಳೆಯ ಒಂದೇ ರಾತ್ರಿ ಸಾಕು. ಕೊಡಗು 2018ರಲ್ಲಿ ಕುಸಿಯಿತು. ತಲಕಾವೇರಿಯ ಬ್ರಹ್ಮಗಿರಿ 2020ರಲ್ಲಿ ಜಾರಿ ಅರ್ಚಕರ ಮನೆಯನ್ನೇ ನುಂಗಿತು. ಅಂಕೋಲಾದ ಶಿರೂರಿನಲ್ಲಿ 2024ರ ಜುಲೈ 16ರಂದು ಹೆದ್ದಾರಿಗೆಂದು ಕಡಿದ ಗುಡ್ಡ ಗಂಗಾವಳಿಗೆ ಇಳಿಯಿತು. ಘಟ್ಟದಿಂದ ಇಷ್ಟು ದೂರದ ನಮ್ಮ ಚಾಮುಂಡಿ ಬೆಟ್ಟದಲ್ಲೇ 2021ರ ಅಕ್ಟೋಬರ್ ಮಳೆಗೆ ನಂದಿಯ ಕಡೆ ಹೋಗುವ ರಸ್ತೆ ಕುಸಿದದ್ದನ್ನು ನೀವೇ ನೋಡಿದ್ದೀರಿ. ಬೆಟ್ಟವನ್ನು ಎತ್ತಿದ ಬಲ ನಮ್ಮ ಕೈಯಲ್ಲಿಲ್ಲ, ಮಳೆಯೂ ಇಲ್ಲ. ಬುಡ ಕಡಿಯುವ ಯಂತ್ರ ನಮ್ಮ ಕೈಯಲ್ಲಿದೆ.

ಪಶ್ಚಿಮ ಘಟ್ಟವನ್ನು ಉಳಿಸುವ ಬಗ್ಗೆ ಮಾಧವ ಗಾಡ್ಗೀಳ್ ಸಮಿತಿ 2011ರಲ್ಲೇ ಎಚ್ಚರಿಸಿತ್ತು. ಕಸ್ತೂರಿರಂಗನ್ ಸಮಿತಿ 2013ರಲ್ಲಿ ಅದರ ಸಲಹೆಗಳನ್ನು ಸಡಿಲಿಸಿ ವರದಿ ಕೊಟ್ಟಿತು. ವಯನಾಡು ಕುಸಿದ ಮರುದಿನ ಕೇಂದ್ರ ಸರ್ಕಾರ ಪರಿಸರ ಸೂಕ್ಷ್ಮ ಪ್ರದೇಶದ ಆರನೆಯ ಕರಡನ್ನು ಹೊರಡಿಸಿತು. ಅದರಲ್ಲಿ ಕರ್ನಾಟಕದ ಪಾಲು 20,668 ಚದರ ಕಿಲೋಮೀಟರ್, ಎಚ್.ಡಿ. ಕೋಟೆಯ ಹಳ್ಳಿಗಳೂ ಸೇರಿ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ನಮ್ಮ ರಾಜ್ಯ ಸಚಿವ ಸಂಪುಟ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಿತು. ಮಲೆನಾಡಿನ ಸಣ್ಣ ರೈತನ ಭಯ ಸುಳ್ಳಲ್ಲ. ಮನೆ ಕಟ್ಟಲು, ತೋಟ ಮಾಡಲು ಬಿಡುವುದಿಲ್ಲವೇನೋ ಎಂಬ ಅವನ ಆತಂಕಕ್ಕೆ ಉತ್ತರ ಕೊಡಬೇಕಾದದ್ದು ಸರ್ಕಾರದ ಕರ್ತವ್ಯ. ಗ್ರಾಮಸಭೆಯನ್ನು ಕೇಳದೆ ಏನನ್ನೂ ಹೇರಬೇಡಿ ಎಂದು ಗಾಡ್ಗೀಳ್ ವರದಿಯೇ ಹೇಳಿತ್ತು. ಆದರೆ ಅವನ ಭಯದ ಮರೆಯಲ್ಲಿ ನಿಂತು ಗಣಿ, ಕ್ವಾರಿ, ರೆಸಾರ್ಟು ಮಾಡುವವರು ಬೇರೆ. ಕೆಳಗೆ ಕಪಿಲೆಯ ನೀರಿನಲ್ಲಿ ಭತ್ತ, ಕಬ್ಬು ಬೆಳೆಯುವ ನಾವು ಈ ಚರ್ಚೆಯಲ್ಲಿ ಒಂದು ಮಾತನ್ನೂ ಆಡಲಿಲ್ಲ. ಆ ಮೌನ ತಪ್ಪು.

ಈಗಲಾದರೂ ಬಾಯಿ ಬಿಡೋಣ. ನಿಮ್ಮ ಊರಿನ ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ: ನಮ್ಮ ಹೊಳೆಯಲ್ಲಿ ಮರಳು ತೆಗೆಯಲು ಅನುಮತಿ ಯಾರಿಗಿದೆ, ಎಷ್ಟಕ್ಕಿದೆ? ದಡದ ಒತ್ತುವರಿ ಅಳತೆ ಯಾವಾಗ? ಮನೆ ಕಟ್ಟುವವರು ಕದ್ದ ಮರಳು ಬೇಡ, ಎಂ-ಸ್ಯಾಂಡ್ ಆದರೂ ಪರವಾನಗಿ ಇರುವ ಕ್ವಾರಿಯದೇ ಬೇಕು ಎಂದು ಮೇಸ್ತ್ರಿಗೆ ಕಟ್ಟುನಿಟ್ಟಾಗಿ ಹೇಳಿ. ಶಾಲೆಯ ಮೇಷ್ಟ್ರುಗಳೇ, ಮಕ್ಕಳನ್ನು ಸಂಗಮಕ್ಕೆ ಕರೆದೊಯ್ದು ಆ ಒಂದು ಹಿಡಿ ಮರಳನ್ನು ತೋರಿಸಿ, ಅದು ಬಂದ ದಾರಿಯನ್ನು ಹೇಳಿ. ಮತ ಕೇಳಲು ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿ, ಘಟ್ಟದ ಬಗ್ಗೆ ನಿಮ್ಮ ನಿಲುವೇನು ಎಂದು ಕೇಳಿ. ಉತ್ತರ ಕೊಡದವರಿಗೆ ಮತ ಕೊಡಬೇಡಿ.