ಬಣ್ಣ ಹಚ್ಚುವ ಮೊದಲು ಅಳತೆ ಹಿಡಿಯೋಣ



ಈ ಸಲದ ವಸ್ತು ಪ್ರದರ್ಶನಕ್ಕೆ ರಾಯಚೂರು ಯುದ್ಧದ ಮಾದರಿ ಮಾಡಬೇಕೆಂದು ನಾವೆಲ್ಲ ಕೂಡಿ ಮಾತಾಡೀವಿ. ಒಳ್ಳೇ ವಿಷಯ. ಕೃಷ್ಣಾ ತುಂಗಭದ್ರಾ ನಡುವಿನ ಈ ನಮ್ಮ ನೆಲಕ್ಕಾಗಿಯೇ ಎಷ್ಟೋ ಯುದ್ಧ ಆಗ್ಯಾವ. ಆದ್ರ ಮಾತು ಮುಗಿಯೋದ್ರೊಳಗ ಕೆಲವರು ಬಣ್ಣದ ಡಬ್ಬಿ ಲೆಕ್ಕ ಹಾಕಾಕ ಹತ್ಯಾರ. ಒಂದು ಕಡೆಯವರಿಗೆ ಕೇಸರಿ, ಇನ್ನೊಂದು ಕಡೆಯವರಿಗೆ ಹಸಿರು ಅಂತ. ಇದಕ್ಕ ನನ್ನ ತಕರಾರು ಐತಿ. ಅದನ್ನ ಬಾಯಿಲೆ ಹೇಳಿದ್ರ ಜಗಳ ಆಗ್ತದ ಅಂತ ಇಲ್ಲಿ ಬರೆದು ಹಚ್ಚೀನಿ.

ಮೊದಲು ಅಳತೆಯ ಮಾತು. ಸಾಮಾನ್ಯವಾಗಿ ಮಾದರಿಗಳಲ್ಲಿ ರಾಜ ಕೋಟೆ ಬಾಗಿಲಿಗಿಂತ ಎತ್ತರ ಇರ್ತಾನ, ಕುದುರಿ ಆನಿಗಿಂತ ದೊಡ್ಡದು ಇರ್ತದ. ಅದು ಬೊಂಬೆ ಜಾತ್ರೆ ಆಗ್ತದ, ಯುದ್ಧದ ಮಾದರಿ ಆಗೂದಿಲ್ಲ. ಇಂಥಾ ಮಾದರಿ ಮಾಡೋದರಲ್ಲಿ ನುರಿತವರು ಒಂದು ಅಳತೆ ಹಿಡಿದು ಅದನ್ನ ಬಿಡೂದಿಲ್ಲ. ಜಪಾನಿನ ತಮಿಯಾ ಕಂಪನಿಯ ಟ್ಯಾಂಕುಗಳು ಹೆಚ್ಚಾಗಿ 35ರಲ್ಲಿ 1 ಪಾಲು, ಇಂಗ್ಲೆಂಡಿನ ಏರ್‌ಫಿಕ್ಸ್ ಗೊಂಬೆಗಳು 72ರಲ್ಲಿ 1 ಪಾಲು. ನಮಗ ಈ 72ರ ಲೆಕ್ಕವೇ ಸುಲಭ. 6 ಅಡಿ ಅಂದ್ರ 72 ಇಂಚು, ಅಂದಮೇಲೆ 6 ಅಡಿ ಆಳು ಸರಿಯಾಗಿ 1 ಇಂಚು. 9 ಅಡಿ ಎತ್ತರದ ಆನಿ ಒಂದೂವರೆ ಇಂಚು. ಪಟ್ಟಿ ಇದ್ರ ಸಾಕು, ಯಾರು ಬೇಕಾದ್ರೂ ಮಾಡಬಹುದು.

ಈ ಲೆಕ್ಕ ಹಾಕಿದ ಕೂಡಲೆ ಇನ್ನೊಂದು ಮಾತು ತಿಳಿತದ. ನಮ್ಮ ಮುದಗಲ್ ಕೋಟೆಯ ಕಂದಕ ಕೆಲವು ಕಡೆ 50 ಗಜ ಅಗಲ ಐತಿ. 72ರ ಅಳತೆಯಲ್ಲಿ ಆ ನೀರೇ 25 ಇಂಚು ಜಾಗ ತಿಂತದ! ನಮ್ಮ ಹಲಗೆ 4 ಅಡಿ, ಅಂದ್ರ 48 ಇಂಚು. ಅರ್ಧಕ್ಕಿಂತ ಹೆಚ್ಚು ನೀರಿಗೇ ಹೋತು. ಹಂಗಾದ್ರ 1520ರ ಇಡೀ ಯುದ್ಧ ಇದರಾಗ ಎಲ್ಲಿ ಕೂಡಬೇಕು? ಕೃಷ್ಣದೇವರಾಯನ ಕಾಲಾಳುಗಳೇ 7 ಲಕ್ಷ ಇದ್ದರು ಅಂತ ನೂನಿಜ್ ಎಂಬ ಪೋರ್ಚುಗೀಸ್ ಕುದುರೆ ವ್ಯಾಪಾರಿ ಬರೆದಾನ. ಅವನು ಬರೆದದ್ದು ಯುದ್ಧ ಆಗಿ ಸುಮಾರು 15 ವರ್ಷದ ಮ್ಯಾಲೆ. ಲೆಕ್ಕ ಉಬ್ಬಿಸಿರಬೇಕು ಅಂತ ನನಗನಸ್ತದ. ಅದರ ಅರ್ಧದ ಅರ್ಧ ಇದ್ದರೂ ನಮ್ಮ ಕೈಲೆ ಆಗೂದಲ್ಲ.

ಆದ್ದರಿಂದ ಇಡೀ ಯುದ್ಧ ಬ್ಯಾಡ. ಕೋಟೆ ಗೋಡೆಯ ಒಂದು ಮೂಲೆ ತಗೊಳ್ಳೋಣ. ಬಯಲಿನ ಯುದ್ಧ 1520ರ ಮೇ 19ಕ್ಕೆ ಆತು. ಇಸ್ಮಾಯಿಲ್ ಆದಿಲ್‌ಶಾಹನ ತೋಪುಗಳು ಒಮ್ಮೆಲೆ ಹಾರಿ ವಿಜಯನಗರದವರು ಮೊದಲು ಹಿಂದ ಸರಿದರು. ತೋಪಿಗೆ ಮತ್ತ ಮದ್ದು ತುಂಬೋದು ತಡ. ಅಷ್ಟರಾಗ ರಾಯ ಮುನ್ನುಗ್ಗಿದ. ಬಿಜಾಪುರದ ದಂಡು ಓಡಿ ಕೃಷ್ಣಾ ನದಿಗೆ ಬಿತ್ತು, ಬಹಳ ಜನ ನೀರಾಗ ಹೋದರು. ಇದೆಲ್ಲ ಆದ ಮ್ಯಾಲೇ ರಾಯಚೂರು ಕೋಟೆ ಬಿದ್ದದ್ದು. ಗೋಡೆಯ ಕಲ್ಲು ಕಿತ್ತು ತಂದವರಿಗೆ ಕಲ್ಲಿನ ಗಾತ್ರ ನೋಡಿ ರೊಕ್ಕ ಕೊಡುತ್ತಿದ್ದರು ಅಂತ ನೂನಿಜನೇ ಬರೆದಾನ. ಕೆಳಗ ಹಾರೆ, ಗುದ್ದಲಿ ಹಿಡಿದ ಬಡ ಆಳುಗಳು, ಮ್ಯಾಲಿಂದ ಬೀಳುವ ಬಾಣ, ಕಲ್ಲು. ಫಿಗೆರೆದೊ ಎಂಬ ಪೋರ್ಚುಗೀಸನ ಸುಮಾರು 20 ಮಂದಿ ಕೋವಿ ಹಿಡಿದು, ಗೋಡೆ ಮ್ಯಾಲೆ ತಲೆ ಎತ್ತಿದವರನ್ನ ಹೊಡೀತಿದ್ದರು. ನಮ್ಮ ಮಾದರಿಗೆ ಇದಕ್ಕಿಂತ ಒಳ್ಳೇ ಮೂಲೆ ಯಾವುದು? ಕತ್ತಿ ಎತ್ತಿದ ರಾಜನ ಗೊಂಬೆ ಎಲ್ಲಾ ಕಡೆ ಸಿಗ್ತದ. ಹಾರೆ ಹಿಡಿದವನ ಗೊಂಬೆ ನಾನಂತೂ ಎಲ್ಲೂ ನೋಡಿಲ್ಲ.

ರಾಯಚೂರು ಕೋಟೆಯಲ್ಲಿ 1294ರ ಶಾಸನ ಇರುವ ಸುಮಾರು 41 ಅಡಿ ಉದ್ದದ ಒಂದೇ ಕಲ್ಲು ಐತಿ. ಆ ಕಲ್ಲನ್ನ ಬಂಡಿ ಮ್ಯಾಲೆ ಹೇರಿ, ಸಾಲುಗಟ್ಟಿದ ಕೋಣಗಳು ಎಳೆಯುವ, ಜನ ಗಾಲಿಗೆ ಸನಿಕೆ ಹಾಕಿ ನೂಕುವ ಚಿತ್ರವನ್ನ ಅಲ್ಲೇ ಗೋಡೆಗೆ ಕೆತ್ತ್ಯಾರ. ಆಗಿನವರಿಗೇ ದುಡಿದವರನ್ನ ತೋರಿಸಬೇಕು ಅನಿಸಿತ್ತು, ನೋಡ್ರಿ.

ಈಗ ಬಣ್ಣದ ಮಾತು. ಅವಾಗ ಈಗಿನ ಹಂಗ ಒಂದೇ ಬಣ್ಣದ ಸಮವಸ್ತ್ರ ಇರಲಿಲ್ಲ. ಹತ್ತಿ ತುಂಬಿ ಹೊಲಿದ ದಪ್ಪ ಅಂಗಿಯೇ ಎಷ್ಟೋ ಮಂದಿಗೆ ಕವಚ. ಇನ್ನು ಜನ ಯಾರು? 2ನೇ ದೇವರಾಯನ ಕಾಲದಿಂದಲೇ ವಿಜಯನಗರದ ದಂಡಿನಲ್ಲಿ ಮುಸಲ್ಮಾನ ಬಿಲ್ಲಾಳುಗಳು, ಸವಾರರು ಇದ್ದರು. ಬಿಜಾಪುರದ ಸುಲ್ತಾನರ ಹತ್ತಿರ ಮರಾಠಾ ಸವಾರರು ಚಾಕರಿ ಮಾಡ್ಯಾರ. ಇವರಿಗೆ ಕೇಸರಿ, ಅವರಿಗೆ ಹಸಿರು ಬಳಿದ್ರ ಯಾರನ್ನ ಎಲ್ಲಿ ನಿಲ್ಲಸ್ತೀರಿ? ನಾಳೆ ನೋಡಾಕ ಬರುವ ಸಣ್ಣ ಹುಡುಗರು ‘ನಮ್ಮವರು ಯಾರು, ನಿಮ್ಮವರು ಯಾರು’ ಅಂತ ಬೆಂಚಿನ ಮ್ಯಾಲೇ ಪಾಲು ಮಾಡ್ತಾರ. ಮುದಗಲ್ಲಿನ ಮೊಹರಮ್ಮಿಗೆ ಎರಡೂ ಕಡೆಯವರು ಕೂಡಿ ಹೋಗುವ ಊರುಗಳು ನಮ್ಮವು. ಆ ಜಗಳ ನಮ್ಮ ಹಲಗೆಯಿಂದ ಶುರು ಆಗಬಾರದು.

ಗೊಂಬೆಯಿಂದ ಏನಾಗ್ತದ ಬಿಡ್ರಿ ಅನ್ನೋರಿಗೆ ಒಂದು ಕಥೆ. 1815ರ ವಾಟರ್ಲೂ ಯುದ್ಧದ ಮಾದರಿ ಮಾಡಾಕ 1830ರಲ್ಲಿ ವಿಲಿಯಂ ಸೈಬೋರ್ನ್ ಎಂಬ ಇಂಗ್ಲಿಷ್ ಅಧಿಕಾರಿಗೆ ಹೇಳಿದರು. ಅವನು ರಣರಂಗದಲ್ಲೇ 8 ತಿಂಗಳು ಇದ್ದು ನೆಲ ಅಳೆದ. ಬದುಕಿದ್ದ ಅಧಿಕಾರಿಗಳಿಗೆ ಪತ್ರ ಬರೆದು, ಯಾರು ಎಲ್ಲಿದ್ದಿರಿ ಅಂತ ಕೇಳಿದ. 70 ಸಾವಿರಕ್ಕೂ ಹೆಚ್ಚು ತವರದ ಗೊಂಬೆ ನಿಲ್ಲಿಸಿ 1838ರಲ್ಲಿ ತೋರಿಸಿದ. ಸಹಾಯಕ್ಕ ಬಂದ ಪ್ರಷ್ಯನ್ನರನ್ನ ಹೆಚ್ಚು ತೋರಿಸ್ಯಾನ ಅಂತ ಗೆದ್ದ ಸೇನಾಪತಿ ವೆಲಿಂಗ್ಟನ್ನನಿಗೆ ಸಿಟ್ಟು ಬಂತು. ಕಡೆಗೆ ಸೈಬೋರ್ನ್ 40 ಸಾವಿರ ಪ್ರಷ್ಯನ್ನರನ್ನ ಹಲಗೆಯಿಂದ ಕಿತ್ತು ತೆಗೆದ. ಆ ಮಾದರಿ ಈಗಲೂ ಲಂಡನ್ನಿನ ಸೈನ್ಯದ ಮ್ಯೂಸಿಯಮ್ಮಿನಲ್ಲಿ ಐತಿ. ಬೆರಳುದ್ದ ಇಲ್ಲದ ಗೊಂಬೆಗೆ ಅಷ್ಟು ದೊಡ್ಡವರು ಯಾಕ ಹೆದರಿದರು, ನೀವೇ ವಿಚಾರ ಮಾಡ್ರಿ.

ಸಾಮಾನಿನ ಬಗ್ಗೆ ಎರಡು ಮಾತು. ಥರ್ಮಾಕೋಲ್ ಬ್ಯಾಡ. ಮಣ್ಣೆತ್ತಿನ ಅಮಾಸಿಗೆ ಎತ್ತು ಮಾಡುವ ಕೈಗಳು ನಮ್ಮವು. ಬರೇ ಎರಿ ಮಣ್ಣು ಒಣಗಿದ ಮ್ಯಾಲೆ ಸೀಳ್ತದ, ಸಣ್ಣಗ ಕುಟ್ಟಿದ ಭತ್ತದ ಹೊಟ್ಟು ಕಲಸಬೇಕು. ಅಂಟಿಗೆ ಹುಣಸಿ ಬೀಜದ ಸರಿ, ಕಿನ್ನಾಳದ ಗೊಂಬೆ ಮಾಡೋರು ಬಳಸೋದು ಅದನ್ನೇ. ಬಂಡಿಗೆ ಜೋಳದ ದಂಟಿನ ಬೆಂಡು. ಯುದ್ಧ ಆದದ್ದು ಬ್ಯಾಸಿಗ್ಯಾಗ, ಆದ್ದರಿಂದ ಹಸಿರು ಬಣ್ಣದ ಕಟ್ಟಿಗೆ ಪುಡಿ ಉದುರಿಸಿ ಹುಲ್ಲು ಅನಬ್ಯಾಡ್ರಿ. ಒಣ ಹುಲ್ಲು, ಧೂಳು ಇರಲಿ. ಹೊಸ ಗೊಂಬೆಗೂ ಸ್ವಲ್ಪ ಮಣ್ಣು ಒರೆಸಿದ್ರನ ಜೀವ ಬರ್ತದ.

ಯಾರು ಏನು ಮಾಡಬೇಕೆಂಬ ಪಟ್ಟಿ ನೋಡಿದೆ. ರಾಜನಿಗೆ 6 ಮಂದಿ ಹೆಸರು ಕೊಟ್ಟಾರ, ಆನಿಗೆ 4 ಮಂದಿ. ಗೋಡೆ ಬುಡಕ್ಕ ಸತ್ತು ಬಿದ್ದವರು ಎಂಬ ಸಾಲೇ ಅದರಾಗ ಇಲ್ಲ. ಆ ಸಾಲು ಸೇರಿಸ್ರಿ, 12 ಗೊಂಬೆ ನಾನು ಮಾಡಿ ತರ್ತೀನಿ. ಎಲ್ಲಕ್ಕೂ ಒಂದೇ ಮಣ್ಣಿನ ಬಣ್ಣ.