ಬಿಲ್ಲು, ಅಡ್ಡಬಿಲ್ಲು ಮತ್ತು ಹಿಟ್ಟಿನ ಕೋಳಿ

ಕಡ್ಡಿರಾಂಪುರವನ್ನು ದಾಟಿ ಹಂಪಿಗೆ ಹೋದರೆ ಮಹಾನವಮಿ ದಿಬ್ಬದ ಶಿಲ್ಪಪಟ್ಟಿಕೆಗಳಲ್ಲಿ ಬೇಟೆಯ ದೃಶ್ಯಗಳಿವೆ. ಅವುಗಳನ್ನು ಕಂಡಾಗಲೆಲ್ಲ ಅಮೆರಿಕದ ಬೇಟೆಗಾರರ ಒಂದು ಚರ್ಚೆ ನೆನಪಾಗುತ್ತದೆ: ಬಿಲ್ಲುಬೇಟೆಗೆ ಮೀಸಲಾದ ಋತುವಿನಲ್ಲಿ, ಸೆಳೆದ ಹೆದೆಯನ್ನು ತಾನೇ ಹಿಡಿದಿಟ್ಟುಕೊಳ್ಳುವ ಅಡ್ಡಬಿಲ್ಲು ಸಲ್ಲುವುದೇ? ತೋಳ್ಬಲ ಬೇಡದ ಬೇಟೆ ನ್ಯಾಯವಲ್ಲವೆಂದು ಕೆಲವರ ವಾದ. ಇದು ಬೇಟೆಗಾರನ ಮಾನದ ಪ್ರಶ್ನೆ, ಜಿಂಕೆಯ ಪ್ರಶ್ನೆಯಲ್ಲ.

ಜನ್ನನು 1209ರ 'ಯಶೋಧರ ಚರಿತೆ'ಯಲ್ಲಿ ತೂಗಿದ್ದು ಆಯುಧವನ್ನಲ್ಲ, ಸಂಕಲ್ಪವನ್ನು. ಹಿಟ್ಟಿನ ಕೋಳಿಯನ್ನು ಬಲಿಗೊಟ್ಟುದಕ್ಕೇ ಯಶೋಧರನು ನವಿಲಾಗಿ, ಅವನ ತಾಯಿ ನಾಯಿಯಾಗಿ ಹುಟ್ಟಿ ಭವಭವಗಳಲ್ಲಿ ತೊಳಲುತ್ತಾರೆ. ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ ಕೊಲ್ಲುವ ಯತ್ನವನ್ನೇ ಬೇಟೆಯೆಂದು ಕರೆದು, ಬಿಲ್ಲುಬಾಣ, ಬಲೆ, ಉರುಳುಗಳನ್ನೆಲ್ಲ ಆಯುಧಗಳ ಸಾಲಿನಲ್ಲೇ ಸೇರಿಸಿದೆ. ಈ ನಿಲುವೇ ಸರಿಯೆಂದು ನನ್ನ ಅಭಿಪ್ರಾಯ.

ದರೋಜಿಯ ಕರಡಿಧಾಮ ಇಲ್ಲಿಂದ ದೂರವಿಲ್ಲ. ಕಾಡುಹಂದಿಗೆ ಬೆಳೆ ಕಳೆದುಕೊಂಡ ರೈತನ ಸಂಕಟ ಸುಳ್ಳಲ್ಲ. ಆತನಿಗೆ ಪರಿಹಾರ ಬೇಗ ಸಿಗಬೇಕು. ಆದರೆ ಹೊಲದಂಚಿಗೆ ತಂತಿಯ ಉರುಳನ್ನೊಡ್ಡಿ ಮನೆಯಲ್ಲಿ ಮಲಗಿದವನು ತಾನು ಬಿಲ್ಲೆತ್ತಲಿಲ್ಲವೆಂದರೆ ಒಪ್ಪಲಾಗದು. ಹಂದಿಗೆಂದು ಒಡ್ಡಿದ ಉರುಳಿಗೆ ಕರಡಿಯೂ ಸಿಕ್ಕಿಬೀಳುತ್ತದೆ.